ಕಡಲ ತಳದ ಅದಿರಿಗೂ ಒಂದು ಅಂಪೈರ್ ಸ್ಯಾಂಪಲ್ ಬೇಕು: ಭೂವಿಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಭೂವಿಜ್ಞಾನ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ಹಿಂದೂ ಮಹಾಸಾಗರದ ತಳದ ಗಣಿಗಾರಿಕೆಗೆ ಮುಂದಡಿ ಇಡುವ ಮೊದಲು ಅದರ ಲೆಕ್ಕವನ್ನು ಜನರ ಮುಂದಿಡುವ ಕುರಿತು.

ಮಾನ್ಯರೇ,

ಹಿಂದೂ ಮಹಾಸಾಗರದ ತಳದಲ್ಲಿ ಬಹುಲೋಹದ ಗಂಟುಗಳನ್ನು, ಅಂದರೆ ಇಲ್ಲಿ ಎಲ್ಲರೂ ನಾಡ್ಯೂಲ್ ಎನ್ನುವ ಕಪ್ಪು ಉಂಡೆಗಳನ್ನು ಹುಡುಕಲು ಭಾರತ ಸರ್ಕಾರ ಮಾಡಿಕೊಂಡಿರುವ ಕರಾರು 2027ರ ಮಾರ್ಚ್‌ಗೆ ಮುಗಿಯುತ್ತದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ 2002ರಲ್ಲಿ 15 ವರ್ಷಕ್ಕೆಂದು ಸಹಿಯಾದ ಕರಾರು ಅದು. 2017ರಲ್ಲಿ ಐದು ವರ್ಷ, 2022ರಲ್ಲಿ ಮತ್ತೈದು ವರ್ಷ ಮುಂದುವರಿಯಿತು. ಬಿಟ್ಟುಕೊಡುವ ಯೋಚನೆ ತಮ್ಮ ಸಚಿವಾಲಯಕ್ಕೆ ಇರುವಂತೆ ಕಾಣುವುದಿಲ್ಲ. ಇನ್ನೂ ಹುಡುಕುತ್ತೇವೆ ಎಂದಾದರೂ ಕೇಳಬೇಕು, ಅಗೆಯುತ್ತೇವೆ ಎಂದಾದರೂ ಕೇಳಬೇಕು. ಯಾವುದನ್ನು ಕೇಳುವುದಿದ್ದರೂ ಅದಕ್ಕೆ ಮೊದಲು ಅದಿರಿನ ಊರುಗಳಲ್ಲಿ ಬಾಳಿದವನೊಬ್ಬನ ಮಾತು ತಮ್ಮ ಕಿವಿಗೆ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮೂಲತಃ ಸಂಡೂರು ಕಡೆಯವನು. ಹೊಟ್ಟೆಪಾಡಿಗೆ ಗೋವಾಕ್ಕೆ ಬಂದು ವಾಸ್ಕೋದಲ್ಲಿ ನೆಲೆನಿಂತೆ. ಅದಿರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಮಿಸ್ಟ್ ಆಗಿದ್ದು ಈಗ ನಿವೃತ್ತನಾಗಿದ್ದೇನೆ. ಲಾರಿಯಿಂದ, ಬಾರ್ಜಿನಿಂದ, ಹಡಗಿನ ಹ್ಯಾಚಿನಿಂದ ಸ್ಯಾಂಪಲ್ ತೆಗೆದು, ಕುಟ್ಟಿ, ಜರಡಿ ಹಿಡಿದು, 105 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ, ಇದರಲ್ಲಿ ಕಬ್ಬಿಣ ಇಷ್ಟು, ನೀರು ಇಷ್ಟು ಎಂದು ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಗಣಿಯೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ನನ್ನ ಮಕ್ಕಳ ಕಾಲೇಜಿನ ಫೀಜು ಅದಿರಿನಿಂದಲೇ ಹೋದದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ‘ಅಭಿವೃದ್ಧಿ ವಿರೋಧಿ’ ಎಂದು ಉತ್ತರ ಬರೆಯುವ ಶ್ರಮ ತಮ್ಮ ಕಚೇರಿಗೆ ಉಳಿಯುತ್ತದೆ.

ಸಮುದ್ರತಳದ ಅದಿರಿನ ವಿಚಾರದಲ್ಲಿ ಗೋವಾ ದೂರದ ಊರಲ್ಲ. 1981ರ ಜನವರಿ 26ರಂದು ಡೋನಾ ಪೌಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ‘ಗವೇಷಣಿ’ ಹಡಗು ನಮ್ಮ ದೇಶದ ಪಾಲಿನ ಮೊದಲ ನಾಡ್ಯೂಲನ್ನು ಮೇಲೆತ್ತಿತು. ಆರೇ ವರ್ಷಕ್ಕೆ, 1987ರಲ್ಲಿ, ‘ಪಯೋನಿಯರ್ ಇನ್ವೆಸ್ಟರ್’, ಅಂದರೆ ಸಮುದ್ರತಳದ ಅದಿರಿನ ಮೊದಲ ಹೂಡಿಕೆದಾರ, ಎಂಬ ಮನ್ನಣೆ ಪಡೆದ ಜಗತ್ತಿನ ಮೊದಲ ದೇಶವಾಗಿ ಭಾರತ ನಿಂತಿತು. ಮಧ್ಯ ಹಿಂದೂ ಮಹಾಸಾಗರದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರ್ ನಮಗೆ ಸಿಕ್ಕಿತು. ನಿಯಮದಂತೆ ಅರ್ಧ ಬಿಟ್ಟುಕೊಟ್ಟು ಉಳಿಸಿಕೊಂಡದ್ದು 75,000 ಚದರ ಕಿಲೋಮೀಟರ್. ಗೋವಾ ರಾಜ್ಯದ ಇಪ್ಪತ್ತು ಪಟ್ಟು. ಇನ್ನು ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು ಸಮುದ್ರದಡಿಯ ಬಿಸಿನೀರಿನ ಬುಗ್ಗೆಗಳ ಸುತ್ತ ಕಟ್ಟುವ ಸಲ್ಫೈಡ್ ಅದಿರನ್ನು ಹುಡುಕುತ್ತಿದ್ದಾರೆ. ಅದಕ್ಕೂ 2016ರಲ್ಲಿ ಒಂದು, 2025ರಲ್ಲಿ ಕಾರ್ಲ್ಸ್‌ಬರ್ಗ್ ಏಣು ಎಂಬ ಕಡಲಡಿಯ ಬೆಟ್ಟಸಾಲಿನ ಮೇಲೆ ಇನ್ನೊಂದು, ಹೀಗೆ ತಲಾ 10,000 ಚದರ ಕಿಲೋಮೀಟರ್‌ನ ಕರಾರುಗಳಾಗಿವೆ. ಇದೆಲ್ಲ ಹೆಮ್ಮೆಯ ವಿಷಯವೇ. ಬೈನಾ, ಮಾಂಗೋರ್ ಹಿಲ್, ಝುವಾರಿನಗರದಲ್ಲಿರುವ ನಮ್ಮ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಜನಕ್ಕೆ ಮಾತ್ರ ತಮ್ಮ ಮನೆಯಿಂದ ಕೂಗಳತೆಯಲ್ಲಿ ಇಂಥದ್ದೊಂದು ಕೆಲಸ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ. ಯಾರೂ ಹೇಳಿಲ್ಲ.

ಸಂಸ್ಥೆಯವರು ಸಾರ್ವಜನಿಕರಿಗೆ ಬಾಗಿಲು ತೆರೆದಿಟ್ಟಿದ್ದ ದಿನ ಡೋನಾ ಪೌಲಾದಲ್ಲಿ ಒಂದು ನಾಡ್ಯೂಲನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆಲೂಗಡ್ಡೆಯಷ್ಟು ದೊಡ್ಡದು. ಅದೇ ಗಾತ್ರದ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಲ್ಲಾಗಿದ್ದರೆ ಅಂಗೈಯನ್ನು ಕೆಳಗೆ ಜಗ್ಗುತ್ತಿತ್ತು, ಇದು ಜಗ್ಗಲಿಲ್ಲ. ಮೈಯೆಲ್ಲ ತರಿತರಿ, ಬೆರಳಿಗೆ ಕಪ್ಪು ಮಸಿ ಹತ್ತಿತು. ಪಕ್ಕದಲ್ಲಿ ಕೊಯ್ದಿಟ್ಟಿದ್ದ ಇನ್ನೊಂದರ ಒಳಗೆ ಪದರದ ಮೇಲೆ ಪದರ. ಶಾರ್ಕಿನ ಹಲ್ಲಿನ ಚೂರೋ, ಹಳೆಯ ಕಲ್ಲಿನ ಕಣವೋ ನಡುವೆ ಸಿಕ್ಕಿಕೊಂಡಿರುತ್ತದೆ, ಅದರ ಸುತ್ತ ಲೋಹ ಕಟ್ಟುತ್ತದೆ ಎಂದು ಅಲ್ಲಿದ್ದ ವಿಜ್ಞಾನಿ ವಿವರಿಸಿದರು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಕಲ್ಲು ಅದು. ಕಬ್ಬಿಣದ ಅದಿರೂ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಅದೊಂದೇ ಕಾರಣಕ್ಕೆ ಮುಟ್ಟಬಾರದು ಎಂದು ನಾನು ವಾದಿಸುವುದಿಲ್ಲ. ನನ್ನ ತಲೆಯಲ್ಲಿ ಕೂತದ್ದು ಬೇರೆ ಪ್ರಶ್ನೆ: ಇದು ಇಷ್ಟು ಹಗುರ ಯಾಕೆ?

ಉತ್ತರ ಸರಳ, ಒಳಗೆ ಸಣ್ಣ ಸಣ್ಣ ರಂಧ್ರಗಳು. ಸಮುದ್ರದಿಂದ ಆಗಷ್ಟೇ ಎತ್ತಿದ ನಾಡ್ಯೂಲಿನ ತೂಕದಲ್ಲಿ ಶೇ 30ರ ಆಸುಪಾಸು ನೀರೇ ಇರುತ್ತದೆ. ನಮ್ಮ ಪಾಲಿನ ಪ್ರದೇಶದಲ್ಲಿ 38 ಕೋಟಿ ಟನ್ ನಾಡ್ಯೂಲ್ ಇದೆ, ಅದರಲ್ಲಿ 47 ಲಕ್ಷ ಟನ್ ನಿಕಲ್, 42.9 ಲಕ್ಷ ಟನ್ ತಾಮ್ರ, 5.5 ಲಕ್ಷ ಟನ್ ಕೋಬಾಲ್ಟ್, 9.26 ಕೋಟಿ ಟನ್ ಮ್ಯಾಂಗನೀಸ್ ಇದೆ ಎಂದು ಸರ್ಕಾರ ಹೇಳುತ್ತ ಬಂದಿದೆ. ಅದಿರಿನ ವ್ಯಾಪಾರದಲ್ಲಿ ಯಾವ ಗುಮಾಸ್ತನಾದರೂ ಮೊದಲು ಕೇಳುವುದು, ಇದು ಒದ್ದೆ ತೂಕವೋ ಒಣ ತೂಕವೋ ಎಂದು. ಶೇಕಡಾ ಎರಡು ನೀರು ಹೆಚ್ಚಾಯಿತೆಂದು ಚೀನಾದ ಖರೀದಿದಾರರು ಇಡೀ ಹಡಗಿನ ಬಿಲ್ಲು ಕತ್ತರಿಸಿದ್ದನ್ನು ನೋಡಿದವನು ನಾನು. 38 ಕೋಟಿ ಟನ್ ಎಂಬ ಸಂಖ್ಯೆಯನ್ನು ಭಾಷಣದಲ್ಲಿ, ಪತ್ರಿಕಾ ಪ್ರಕಟಣೆಯಲ್ಲಿ, ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೇನೋ. ಒದ್ದೆಯೋ ಒಣವೋ ಎಂಬ ಒಂದು ಪದ ಅದರ ಪಕ್ಕ ಇದ್ದುದನ್ನು ಕಂಡಿಲ್ಲ.

ಆ ಸಂಖ್ಯೆಗಳನ್ನೇ ನಂಬಿ ಲೆಕ್ಕ ಹಾಕೋಣ. ನೂರು ಕಿಲೋ ಅದಿರು ಎತ್ತಿದರೆ ಮ್ಯಾಂಗನೀಸ್ 24 ಕಿಲೋ, ನಿಕಲ್ ಒಂದೂಕಾಲು ಕಿಲೋ, ತಾಮ್ರ ಒಂದು ಕಿಲೋ ಚಿಲ್ಲರೆ, ಕೋಬಾಲ್ಟ್ ನೂರೈವತ್ತು ಗ್ರಾಮಿಗೂ ಸ್ವಲ್ಪ ಕಡಿಮೆ. ಉಳಿದ 73 ಕಿಲೋ ಏನಾಗುತ್ತದೆ? ಕಬ್ಬಿಣ, ಸಿಲಿಕಾ, ಜೇಡಿಯ ಮಿಶ್ರಣ ಅದು. ಆಮ್ಲವನ್ನೋ ಅಮೋನಿಯಾವನ್ನೋ ಹಾಕಿ ಲೋಹ ಬಿಡಿಸಿದ ಮೇಲೆ ಉಳಿಯುವ ಕೆಸರು. ಜಂಶೆಡ್‌ಪುರದ, ಭುವನೇಶ್ವರದ ಪ್ರಯೋಗಾಲಯಗಳಲ್ಲಿ ಈ ಬಿಡಿಸುವ ವಿದ್ಯೆಯ ಮೇಲೆ ಒಳ್ಳೆಯ ಕೆಲಸವಾಗಿದೆ, ನಿಜ. ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಬರತೊಡಗಿದರೆ ಕಾರ್ಖಾನೆ ಯಾವ ತೀರದಲ್ಲಿ, ಕೆಸರಿನ ಕಟ್ಟೆ ಯಾರ ಊರಿನ ಪಕ್ಕದಲ್ಲಿ? ಸಮುದ್ರದ ಗಣಿಯಲ್ಲಿ ಹಳ್ಳಿ ಎಬ್ಬಿಸಬೇಕಿಲ್ಲ, ಕಾಡು ಕಡಿಯಬೇಕಿಲ್ಲ ಎನ್ನುತ್ತಾರೆ. ಅಗೆಯುವ ಕಡೆ ಹಳ್ಳಿ ಇಲ್ಲ, ಒಪ್ಪಿದೆ. ಇಳಿಸುವ ಕಡೆ ಇದ್ದೇ ಇರುತ್ತದೆ. ವಾಸ್ಕೋದಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ರೈಲು ಹತ್ತಿ ನಮ್ಮ ಬಳ್ಳಾರಿ ಕಡೆಗೇ ಹೋಗುತ್ತದೆ. ಅದರ ಪುಡಿ ಇಲ್ಲಿನ ಕಿಟಕಿ ಸರಳುಗಳ ಮೇಲೆ ಉಳಿಯುತ್ತದೆ. ಬೆಳಿಗ್ಗೆ ಒರೆಸಿದ ಬಟ್ಟೆ ಸಂಜೆಗೆ ಕಪ್ಪು. ಹಾಗಾಗಿ ‘ಎಲ್ಲಿ ಇಳಿಸುತ್ತೀರಿ’ ಎಂದು ಕೇಳುವ ಹಕ್ಕು ನಮಗಿದೆ ಎಂದುಕೊಂಡಿದ್ದೇನೆ.

ಈಗ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಅದಿರು ಹಡಗು ಹತ್ತುವಾಗ ತೆಗೆದ ಸ್ಯಾಂಪಲನ್ನು ಭಾಗ ಮಾಡುತ್ತಾರೆ. ಒಂದು ಪೊಟ್ಟಣ ಮಾರುವವರ ಲ್ಯಾಬಿಗೆ, ಇನ್ನೊಂದು ಕೊಳ್ಳುವವರ ಲ್ಯಾಬಿಗೆ. ಮೂರನೆಯದಕ್ಕೆ ಅರಗಿನ ಮುದ್ರೆ ಒತ್ತಿ, ಎರಡೂ ಕಡೆಯವರು ಸಹಿ ಹಾಕಿ ಎತ್ತಿಡುತ್ತಾರೆ. ಅದು ಅಂಪೈರ್ ಸ್ಯಾಂಪಲ್. ಎರಡು ಲ್ಯಾಬಿನ ರಿಪೋರ್ಟು ತಾಳೆಯಾಗದಿದ್ದರೆ ಮೂರನೆಯ ಲ್ಯಾಬು ಆ ಪೊಟ್ಟಣ ಒಡೆದು ಹೇಳಿದ್ದೇ ಅಂತಿಮ. ಇದರಲ್ಲಿ ಯಾರನ್ನೂ ಕಳ್ಳರೆಂದು ಕರೆದಂತಾಗಲಿಲ್ಲ. ದುಡ್ಡಿನ ವ್ಯವಹಾರವಿದ್ದ ಕಡೆ ತನ್ನ ಮಾಲನ್ನು ತಾನೇ ಅಳೆದು ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು, ಅಷ್ಟೆ. ಕಳಪೆ ಗೋವಾ ಅದಿರಿನ ವ್ಯಾಪಾರಕ್ಕೂ ಇದ್ದ ಮರ್ಯಾದೆ ಇದು.

ಕಡಲ ತಳದಲ್ಲಿ ನೋಡಿ. ಕರಾರುದಾರ ಯಾರು? ತಮ್ಮ ಸಚಿವಾಲಯ. ಅಗೆಯುವ ಯಂತ್ರ ಕಟ್ಟುವವರು ಯಾರು? ತಮ್ಮ ಸಚಿವಾಲಯದ ಚೆನ್ನೈ ಸಂಸ್ಥೆ. ಅವರ ‘ವರಾಹ’ ಯಂತ್ರ 2021ರಲ್ಲಿ 5,270 ಮೀಟರ್ ಆಳದ ತಳದಲ್ಲಿ ಓಡಾಡಿ ಬಂತು, ಸಾಧನೆಯೇ. ಸಲ್ಫೈಡಿನ ಸರ್ವೇ ಮಾಡುವ ಹೆಡ್‌ಲ್ಯಾಂಡ್ ಸಡಾದ ಕೇಂದ್ರ ಯಾರದು? ತಮ್ಮದೇ. 2021ರಲ್ಲಿ ಒಪ್ಪಿಗೆ ಪಡೆದ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್ ಎಂಬ ಆಳಸಮುದ್ರ ಯೋಜನೆಯ ಹಣ ಹಂಚುವವರೂ ತಾವೇ. ಡೋನಾ ಪೌಲಾದ ಸಂಸ್ಥೆ ಬೇರೆ ಮಂಡಳಿಗೆ ಸೇರಿದ್ದು ನಿಜ, ಆದರೆ ಈ ಯೋಜನೆಯ ಕೆಲಸಕ್ಕೆ ಅವರೂ ತಮ್ಮ ಕಡೆಯೇ ಕೈ ಚಾಚಬೇಕು. ತಳದ ಜೀವಿಗಳು ಎಷ್ಟು, ಯಂತ್ರ ಓಡಿದರೆ ಏನಾಗುತ್ತದೆ ಎಂದು ಅಳೆದು ಪ್ರಾಧಿಕಾರಕ್ಕೆ ವರದಿ ಒಪ್ಪಿಸುವುದೂ ನಿಯಮದ ಪ್ರಕಾರ ಕರಾರುದಾರರದೇ ಜವಾಬ್ದಾರಿ. ಆ ವರದಿಗಳನ್ನು ಪರಿಶೀಲಿಸುವ ಕಿಂಗ್‌ಸ್ಟನ್‌ನ ಕಾನೂನು ಮತ್ತು ತಾಂತ್ರಿಕ ಆಯೋಗದ ಸಭೆಗಳು ಬಹುಪಾಲು ಮುಚ್ಚಿದ ಬಾಗಿಲ ಹಿಂದೆ. ಪರಿಸರದ ಮಾಹಿತಿಗೆಂದು ಪ್ರಾಧಿಕಾರ 2019ರಿಂದ ಒಂದು ಸಾರ್ವಜನಿಕ ಡೇಟಾಬೇಸ್ ನಡೆಸುತ್ತಿದೆ, ಇಲ್ಲವೆನ್ನಲಾರೆ. ತಿಳಿದವರು ತೆರೆದು ನೋಡಬಹುದು. ಆದರೆ ಅದರೊಳಗಿರುವುದು ಕರಾರುದಾರರು ತುಂಬಿದ ಅಂಕಿಗಳು. ಮುದ್ರೆ ಒತ್ತಿದ ಮೂರನೆಯ ಪೊಟ್ಟಣ ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ನೆಲದ ಮೇಲೆ ಆ ಪೊಟ್ಟಣ ಇಲ್ಲದಾಗ ಜನ ಇದ್ದರು. ಗೋವಾದ ಸಾಂಗೆ ಕಡೆಯ ಒಂದು ಗಣಿಯ ಅಹವಾಲು ಸಭೆಗೆ ಹೋಗಿದ್ದೆ. ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಕೆಸರು ತಂದು, ಗಂಟು ಬಿಚ್ಚಿ, ಅಧಿಕಾರಿಗಳ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಗೆ ಸುರಿದರು. ಬಾಯಲ್ಲಿ ಒಂದೇ ಮಾತು, ಕೊಂಕಣಿಯಲ್ಲಿ: ಇದರಲ್ಲಿ ಬೆಳೆದು ತೋರಿಸಿ. ಕಂಪನಿಯ ಕಡೆಯವರು ಅದು ಮಳೆಗೆ ಬಂದ ಮಣ್ಣು ಎಂದರು. ಬೆರಳಲ್ಲಿ ಉಜ್ಜಿದರೆ ಸಾಕಿತ್ತು, ಅದು ಗಣಿಯ ಫೈನ್ಸ್, ಅಂದರೆ ಅದಿರಿನ ಪುಡಿ, ಎಂದು ಹೇಳಲು ನನಗೆ ಓವನ್ ಬೇಕಿರಲಿಲ್ಲ. ಆ ಸಭೆಯಿಂದ ಏನೂ ಆಗಲಿಲ್ಲ. ಆದರೆ ಅಂಥ ನೂರಾರು ಚೀಲಗಳು ಸೇರಿಯೇ ಮುಂದೆ ಅಕ್ರಮ ಗಣಿಗಾರಿಕೆಯ ತನಿಖೆಗೆ ಶಾ ಆಯೋಗವಾಯಿತು, ಕೋರ್ಟಿನ ಅರ್ಜಿಯಾಯಿತು, 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಗೋವಾದ ಗಣಿಗಳನ್ನು ನಿಲ್ಲಿಸಿತು. 2014ರ ತೀರ್ಪಿನಲ್ಲಿ ಗೊತ್ತಾದದ್ದು, ಇಲ್ಲಿನ ಗುತ್ತಿಗೆಗಳ ಅವಧಿ 2007ರ ನವೆಂಬರ್ 22ಕ್ಕೇ ಮುಗಿದಿತ್ತಂತೆ. ಅಷ್ಟೂ ವರ್ಷ ನಾವು ಒಣಗಿಸಿ ತೂಗಿದ್ದೆಲ್ಲ ಅಕ್ರಮ ಮಾಲು. ನಮ್ಮ ಬಳ್ಳಾರಿಯಲ್ಲೂ ಕಥೆ ಬೇರೆಯಲ್ಲ: ಧಾರವಾಡದ ಸಮಾಜ ಪರಿವರ್ತನ ಸಮುದಾಯ ಕೋರ್ಟಿಗೆ ಹೋಯಿತು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು, ಅದೇ ತಿಂಗಳ ಕೊನೆಗೆ ಗಣಿಗಳು ನಿಂತವು.

ನಿಂತಾಗ ಪೆಟ್ಟು ತಿಂದವರು ಯಾರು ಎಂಬುದನ್ನೂ ಹೇಳಬೇಕು. ಸಾಲ ಮಾಡಿ ಟಿಪ್ಪರ್ ಕೊಂಡವರು, ಕುಡಚಡೆಯ ಜೆಟ್ಟಿಯಲ್ಲಿ ದುಡಿಯುತ್ತಿದ್ದ ಉತ್ತರ ಕರ್ನಾಟಕದ ಕೂಲಿಗಳು, ಡ್ರೈವರು, ಕ್ಲೀನರು, ಬಾರ್ಜಿನ ಖಲಾಸಿಗಳು. ಕಂತು ಕಟ್ಟಲಾಗದ ಲಾರಿಗಳು ರಸ್ತೆ ಪಕ್ಕದಲ್ಲಿ ತುಕ್ಕು ಹಿಡಿದವು. ಲೆಕ್ಕವನ್ನು ಮೊದಲೇ ಕೇಳಿದ್ದರೆ ಅಷ್ಟು ಲಾರಿಗಳೇ ಬರುತ್ತಿರಲಿಲ್ಲ, ಬಂದವು ಇದ್ದಕ್ಕಿದ್ದಂತೆ ನಿಲ್ಲುತ್ತಲೂ ಇರಲಿಲ್ಲ.

ಗೋವಾದಲ್ಲಿ, ಬಳ್ಳಾರಿಯಲ್ಲಿ ಗಣಿಗೆ ಬಿದ್ದ ಒಂದೊಂದು ಕಡಿವಾಣದ ಹಿಂದೆಯೂ ಒಬ್ಬ ದೂರುದಾರನಿದ್ದ. ಬಾವಿ ಬತ್ತಿದವನು, ಗದ್ದೆ ಹೂಳಿದವಳು, ರಸ್ತೆ ದಾಟಲಾಗದ ಶಾಲೆಯ ಮಾಸ್ತರು. ಐದು ಸಾವಿರ ಮೀಟರ್ ಕೆಳಗೆ ಚೀಲ ಹಿಡಿದು ಯಾರು ಬರುತ್ತಾರೆ? ಆ ಆಳವನ್ನು ಕಣ್ಣಾರೆ ಕಂಡ ಭಾರತೀಯರೇ ವಿರಳ. 2025ರ ಆಗಸ್ಟ್‌ನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ‘ನೌಟೀಲ್’ ನೌಕೆಯಲ್ಲಿ 4,025 ಮತ್ತು 5,002 ಮೀಟರ್‌ಗೆ ಇಳಿದರು, ಅದೂ ಅಟ್ಲಾಂಟಿಕ್‌ನಲ್ಲಿ. ಮೂವರನ್ನು ಆರು ಸಾವಿರ ಮೀಟರ್‌ಗೆ ಒಯ್ಯಲಿರುವ ನಮ್ಮದೇ ‘ಮತ್ಸ್ಯ 6000’ ಇನ್ನೂ ತಯಾರಾಗುತ್ತಿದೆ. ದೂರುದಾರ ಹುಟ್ಟುವುದೇ ಸಾಧ್ಯವಿಲ್ಲದ ಜಾಗ ಇದು. ಆದ್ದರಿಂದಲೇ, ನೆಲದ ಗಣಿಯಲ್ಲಿ ಕೊನೆಗೆ ಮಾಡಿದ ಕೆಲಸವನ್ನು ಇಲ್ಲಿ ಮೊದಲಿಗೇ ಮಾಡಬೇಕು ಎನ್ನುತ್ತಿದ್ದೇನೆ.

ಅಲ್ಲಿ ಏನಾಗುತ್ತದೆ ಎಂಬುದು ಪೂರ್ತಿ ಕತ್ತಲೆಯ ವಿಷಯವೇನೂ ಅಲ್ಲ. ಯಂತ್ರ ನಾಡ್ಯೂಲಿನ ಜೊತೆಗೆ ತಳದ ಮೇಲ್ಪದರದ ಕೆಸರನ್ನೂ ಹೀರಿಕೊಂಡು ಹೋಗುತ್ತದೆ. ಎದ್ದ ಹೂಳು ನೀರಿನಲ್ಲಿ ತೇಲುತ್ತ ಹೋಗಿ ಬೇರೆಲ್ಲೋ ಕೂರುತ್ತದೆ. ಪೈಪಿನಲ್ಲಿ ಅದಿರು ಹಡಗಿಗೆ ಬಂದ ಮೇಲೆ ಉಳಿದ ರಾಡಿ ನೀರನ್ನು ಮತ್ತೆ ಸಮುದ್ರಕ್ಕೇ ಬಿಡಬೇಕು. ಮೆತ್ತಗಿನ ಕೆಸರಿನ ಆ ಬಯಲಲ್ಲಿ ಅಂಟಿಕೊಂಡು ಬದುಕುವ ಸ್ಪಂಜು, ಹವಳದಂಥ ಜೀವಿಗಳಿಗೆ ಗಟ್ಟಿ ನೆಲ ಎಂದರೆ ನಾಡ್ಯೂಲು ಮಾತ್ರ. ಅದನ್ನೇ ಎತ್ತಿಬಿಟ್ಟರೆ ಅವಕ್ಕೆ ಬೇರೆ ಜಾಗವಿಲ್ಲ. ಪೆರು ದೇಶದಾಚೆಯ ಸಮುದ್ರದಲ್ಲಿ 1989ರಲ್ಲಿ ಜರ್ಮನ್ ವಿಜ್ಞಾನಿಗಳು ತಳವನ್ನು ಉತ್ತು ಬಿಟ್ಟಿದ್ದರು. 2015ರಲ್ಲಿ ಹೋಗಿ ನೋಡಿದರೆ ನೇಗಿಲ ಗೆರೆಗಳು ಹಾಗೇ ಇದ್ದವು. ಪೆಸಿಫಿಕ್‌ನಲ್ಲಿ 1979ರಲ್ಲಿ ಒಂದು ಯಂತ್ರ ಓಡಾಡಿದ ಜಾಡು 44 ವರ್ಷದ ನಂತರವೂ ಕಾಣುತ್ತಿದೆ ಎಂದು ಬ್ರಿಟನ್ನಿನ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು. ಕೆಲವು ಸಣ್ಣ, ಚಲಿಸುವ ಜೀವಿಗಳು ಮರಳಿ ಬರುತ್ತಿವೆ ಎಂದೂ ಅದೇ ಅಧ್ಯಯನ ಹೇಳಿತು. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಪೆಸಿಫಿಕ್‌ನಲ್ಲಿ ನಾಡ್ಯೂಲು ಹರಡಿದ ಆ ಪ್ರದೇಶದಲ್ಲಿ ಸಿಕ್ಕ ಐದು ಸಾವಿರಕ್ಕೂ ಹೆಚ್ಚು ಜೀವಜಾತಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ವಿಜ್ಞಾನ ಇನ್ನೂ ಹೆಸರೇ ಇಟ್ಟಿಲ್ಲ.

ಸಲ್ಫೈಡಿನ ಬುಗ್ಗೆಗಳ ಕಡೆ ಇನ್ನೊಂದು ವಿಚಿತ್ರವಿದೆ. ಹಿಂದೂ ಮಹಾಸಾಗರದ ಬುಗ್ಗೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಒಂದು ಬಸವನಹುಳು, ಕಾಲಿನ ಮೇಲೆ ಕಬ್ಬಿಣದ ಸಲ್ಫೈಡಿನ ಚಿಪ್ಪು ಹೊದ್ದುಕೊಂಡು ಬದುಕುತ್ತದೆ. ಜನ್ಮವೆಲ್ಲ ಕಬ್ಬಿಣ ಅಳೆದವನಿಗೆ ಅದರ ಮೇಲೆ ಪ್ರೀತಿ ಬಾರದಿರುತ್ತದೆಯೇ? ಸಮುದ್ರತಳದ ಗಣಿಗಾರಿಕೆಯ ಭೀತಿಯ ಕಾರಣಕ್ಕೇ ಅಳಿವಿನಂಚಿನ ಪಟ್ಟಿಗೆ ಸೇರಿದ ಮೊದಲ ಜೀವಿ ಅದು, 2019ರಲ್ಲಿ.

ನಮ್ಮ ದೇಶವೂ ಕೈಕಟ್ಟಿ ಕೂತಿರಲಿಲ್ಲ. 1997ರಲ್ಲಿ ಡೋನಾ ಪೌಲಾದ ವಿಜ್ಞಾನಿಗಳು ನಮ್ಮ ಕರಾರಿನ ಪ್ರದೇಶದಲ್ಲೇ ತಳದ ಕೆಸರನ್ನು ಬೇಕೆಂದೇ ಕಲಕಿ, ಏನಾಗುತ್ತದೆ ಎಂದು ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೋಗಿ ನೋಡಿದರು. ಜಗತ್ತಿನಲ್ಲಿ ಇಂಥ ಪ್ರಯೋಗ ಮಾಡಿದ ದೇಶಗಳು ಕೆಲವೇ. ಆ ಕೆಲಸದ ಫಲ ಇಂಗ್ಲಿಷ್ ಜರ್ನಲ್‌ಗಳಲ್ಲಿದೆ. ಕನ್ನಡದಲ್ಲಿ, ಕೊಂಕಣಿಯಲ್ಲಿ ನಾಲ್ಕು ಪುಟದ ಪುಸ್ತಿಕೆಯನ್ನೂ ನಾನು ಕಂಡಿಲ್ಲ. ತಮ್ಮದೇ ಒಳ್ಳೆಯ ಕೆಲಸವನ್ನು ತಮ್ಮದೇ ಜನರಿಗೆ ಹೇಳಲು ಸಂಕೋಚ ಯಾಕೋ ತಿಳಿಯದು.

ಅವಸರದ ಕಾರಣ ನನಗೆ ಗೊತ್ತು. ಬ್ಯಾಟರಿಗೆ ಬೇಕಾಗುವ ಲೋಹಗಳಲ್ಲಿ ಜಗತ್ತಿನ ಕೋಬಾಲ್ಟಿನ ಮುಕ್ಕಾಲು ಪಾಲು ಕಾಂಗೋದಿಂದ, ನಿಕಲ್ಲಿನ ಅರ್ಧಕ್ಕೂ ಹೆಚ್ಚು ಇಂಡೋನೇಷ್ಯಾದಿಂದ ಬರುತ್ತದೆ, ಸಂಸ್ಕರಣೆಯ ಬೀಗದ ಕೈ ಚೀನಾದ ಬಳಿ ಇದೆ. 2025ರ ಫೆಬ್ರುವರಿಯಲ್ಲಿ ಕಾಂಗೋ ರಫ್ತು ನಿಲ್ಲಿಸಿದಾಗ ಇಡೀ ಮಾರುಕಟ್ಟೆ ಅಲುಗಾಡಿತು. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರು ಪ್ರಾಧಿಕಾರವನ್ನು ಬದಿಗಿಟ್ಟು ತಮ್ಮ 1980ರ ಕಾನೂನಿನಡಿ ಪರವಾನಗಿ ಕೊಡುವ ಆದೇಶ ಹೊರಡಿಸಿದರು. ಎಲ್ಲರೂ ಓಡುತ್ತಿರುವಾಗ ನಾವು ನಿಂತರೆ ಹೇಗೆ ಎಂಬ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಇನ್ನೊಂದು ಕಡೆಯೂ ಇದೆ. ಗಣಿಗಾರಿಕೆಯ ನಿಯಮಾವಳಿ ಕಿಂಗ್‌ಸ್ಟನ್‌ನಲ್ಲಿ ಇನ್ನೂ ಅಂತಿಮವಾಗಿಲ್ಲ. ನೌರು ಎಂಬ ಪುಟ್ಟ ದ್ವೀಪದೇಶ ಅದನ್ನು ಮುಗಿಸಲು 2021ರಲ್ಲಿ ಕೊಟ್ಟ ಎರಡು ವರ್ಷದ ಗಡುವು 2023ರಲ್ಲೇ ದಾಟಿಹೋಯಿತು. ಫ್ರಾನ್ಸ್ ಸೇರಿ ಮೂವತ್ತಕ್ಕೂ ಹೆಚ್ಚು ದೇಶಗಳು ಸದ್ಯಕ್ಕೆ ಬೇಡ ಎನ್ನುತ್ತಿವೆ. ನಿಕಲ್ಲೂ ಕೋಬಾಲ್ಟೂ ಬೇಕಿಲ್ಲದ ಎಲ್‌ಎಫ್‌ಪಿ ಬ್ಯಾಟರಿ ನಮ್ಮ ಊರಿನ ಆಟೋಗಳಲ್ಲೇ ಓಡುತ್ತಿದೆ. ಪಪುವಾ ನ್ಯೂಗಿನಿ ಸರ್ಕಾರ ಹಣ ಹಾಕಿದ್ದ ಸಮುದ್ರತಳದ ಗಣಿ ಕಂಪನಿ 2019ರಲ್ಲಿ ದಿವಾಳಿಯೆದ್ದು, ಆ ಬಡ ದೇಶದ ದುಡ್ಡು ನೀರುಪಾಲಾಯಿತು. ಹಳೆ ಬ್ಯಾಟರಿಯಿಂದ ಲೋಹ ಬಿಡಿಸಲು ಕೇಂದ್ರ ಸರ್ಕಾರವೇ 2025ರಲ್ಲಿ 1,500 ಕೋಟಿಯ ಪ್ರೋತ್ಸಾಹ ಕೊಟ್ಟಿದೆ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಅದೇ, ಏಕೆಂದರೆ ಆ ‘ಅದಿರಿ’ನಲ್ಲಿ ಲೋಹ ಎಷ್ಟಿದೆ ಎಂದು ಯಾವ ಲ್ಯಾಬಾದರೂ ಒಂದೇ ದಿನದಲ್ಲಿ ಹೇಳಬಲ್ಲದು.

ದೂರದ ಸಮುದ್ರದ ಮಾತಷ್ಟೇ ಅಲ್ಲ ಇದು. 2002ರ ಕಡಲಾಚೆ ಖನಿಜ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು 50 ವರ್ಷದ ಗುತ್ತಿಗೆಗೆ ದಾರಿ ಮಾಡಲಾಯಿತು. 2024ರ ನವೆಂಬರ್‌ನಲ್ಲಿ ಹರಾಜಿಗಿಟ್ಟ 13 ಬ್ಲಾಕುಗಳಲ್ಲಿ ಏಳು ಗ್ರೇಟ್ ನಿಕೋಬಾರ್ ಬಳಿಯ ನಾಡ್ಯೂಲು ಮತ್ತು ಲೋಹದ ಪದರಿನವು, ಮೂರು ಕೇರಳದಾಚೆಯ ಮರಳಿನವು. ಕೊಲ್ಲಂನ ಮೀನುಗಾರರು ಬೀದಿಗಿಳಿದರು. ಆ ಇಲಾಖೆ ತಮ್ಮದಲ್ಲ ಎಂದು ಬಲ್ಲೆ. ಆದರೆ ಕಡಲ ತಳದ ಗಣಿಯನ್ನು ಈ ದೇಶ ಹೇಗೆ ನಡೆಸಲಿದೆ ಎಂಬುದಕ್ಕೆ ತಾವು ಹಾಕುವ ಪದ್ಧತಿಯೇ ಮಾದರಿಯಾಗುತ್ತದೆ. ಕಾರವಾರ, ಮಲ್ಪೆಯ ತೀರದವರೆಗೂ ಅದು ಬಂದೇ ಬರುತ್ತದೆ.

ನನ್ನ ಕೋರಿಕೆಗಳು ದೊಡ್ಡವಲ್ಲ. 2027ರ ಮಾರ್ಚ್‌ಗೆ ಮೊದಲು, ಇಷ್ಟು ವರ್ಷದ ಕರಾರಿನಲ್ಲಿ ಏನು ಸಿಕ್ಕಿತು, ಎಷ್ಟು ಖರ್ಚಾಯಿತು, 1997ರ ಪ್ರಯೋಗದಿಂದ ಏನು ಕಲಿತೆವು ಎಂಬುದನ್ನು ಜನಸಾಮಾನ್ಯರ ಭಾಷೆಗಳಲ್ಲಿ ಪ್ರಕಟಿಸಿ. ಒದ್ದೆ ತೂಕ, ಒಣ ತೂಕ ಎರಡನ್ನೂ ಬರೆಯಿರಿ. ಅದಿರು ಸಂಸ್ಕರಿಸುವ ಘಟಕ ಎಲ್ಲಿ ಬರಬಹುದು, ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಪರಿಶೀಲನೆಯಲ್ಲಿರುವ ಜಾಗಗಳ ಪಟ್ಟಿ ಕೊಡಿ, ಯಾವುದೂ ನಿರ್ಧಾರವಾಗಿಲ್ಲದಿದ್ದರೆ ಹಾಗೆಂದೇ ಹೇಳಿ. ನೆಲದ ಮೇಲೆ ದೊಡ್ಡ ಕಬ್ಬಿಣದ ಗಣಿ ತೆರೆಯಲು ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಬೇಕಿರುವಾಗ, ಇಪ್ಪತ್ತು ಗೋವಾಗಳಷ್ಟು ದೊಡ್ಡ ಗಣಿಗೆ ಒಂದೂ ಬೇಡವೇ? ಪಣಜಿಯಲ್ಲೋ ವಾಸ್ಕೋದಲ್ಲೋ ಒಂದು ಸಭೆ ನಡೆಸಿ. ಕೊಂಕಣಿ, ಮರಾಠಿ, ಕನ್ನಡದಲ್ಲಿ ಕೇಳಿದ್ದಕ್ಕೆ ಅದೇ ಭಾಷೆಯಲ್ಲಿ ಉತ್ತರ ಸಿಗುವ ಸಭೆಯಾಗಿರಲಿ.

ಇವಕ್ಕಿಂತ ಮುಖ್ಯವಾಗಿ, ಆ ಮೂರನೆಯ ಪೊಟ್ಟಣ ಬೇಕು. ತಮ್ಮ ಸಚಿವಾಲಯದಿಂದ ಒಂದು ರೂಪಾಯಿಯನ್ನೂ ಪಡೆಯದ, ಸಂಸತ್ತಿಗೆ ನೇರವಾಗಿ ವರದಿ ಒಪ್ಪಿಸುವ ಒಂದು ಸ್ವತಂತ್ರ ಪರಿಶೀಲಕ ಮಂಡಳಿ. ಯಂತ್ರ ಇಳಿಯುವ ಮೊದಲು ತಳದ ಸ್ಥಿತಿಯನ್ನು ಅದು ತಾನೇ ಅಳೆದು ಮುದ್ರೆ ಒತ್ತಿ ಇಡಲಿ. ಕರಾರಿನ ಪ್ರದೇಶದೊಳಗೆ ಎಂದೂ ಮುಟ್ಟದ ಭಾಗ ಯಾವುದು ಎಂದು ಅದೇ ಗುರುತಿಸಲಿ. ಅಂಕಿ ತಾಳೆಯಾಗದ ದಿನ ಕೆಲಸ ನಿಲ್ಲಿಸುವ ಅಧಿಕಾರವೂ ಅದಕ್ಕಿರಲಿ. ಪ್ರಾಧಿಕಾರದ ಮಂಡಳಿಯಲ್ಲಿ ಭಾರತಕ್ಕೆ ಸ್ಥಾನವಿದೆ, ಮೊದಲ ಹೂಡಿಕೆದಾರನೆಂಬ ಗೌರವವಿದೆ. ನಿಯಮಾವಳಿ ಸಿದ್ಧವಾಗದೆ ಯಾರೂ ಅಗೆಯಬಾರದು, ನಾವೂ ಅಗೆಯುವುದಿಲ್ಲ ಎಂದು ನಮ್ಮ ಪ್ರತಿನಿಧಿ ಅಲ್ಲಿ ಎದ್ದು ನಿಂತು ಹೇಳಿದರೆ ಅದಕ್ಕೆ ತೂಕವಿರುತ್ತದೆ.

ಇನ್ನು ಹಣ. ಸಮುದ್ರ ಕಾನೂನಿನ ಪ್ರಕಾರ ಆ ತಳದ ಸಂಪತ್ತು ಇಡೀ ಮಾನವಕುಲದ ಸಮಾನ ಪರಂಪರೆ. ಯಾರಿಗೆ ಎಷ್ಟು ಪಾಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಗೋವಾದಲ್ಲಿ ಅದಿರು ಮಾರಿದ ಹಣದ ಶೇ 10ನ್ನು ಮುಂದಿನ ಪೀಳಿಗೆಗೆಂದು ಶಾಶ್ವತ ನಿಧಿಯಲ್ಲಿಡಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು, ಅದೂ 2014ರಲ್ಲಿ, ಒಳ್ಳೆಯ ಅದಿರೆಲ್ಲ ಹಡಗು ಹತ್ತಿದ ಮೇಲೆ. ಸಮುದ್ರದ ಅದಿರಿಗೆ ಅಂಥ ನಿಧಿಯ ನಿಯಮ ಮೊದಲ ಟನ್ ಮೇಲೆ ಬರುವ ಮುಂಚೆಯೇ ಕಾನೂನಿನಲ್ಲಿರಲಿ.

ಈ ಪತ್ರದ ಪ್ರತಿಗಳನ್ನು ಡೋನಾ ಪೌಲಾದ ಸಂಸ್ಥೆಗೂ ಹೆಡ್‌ಲ್ಯಾಂಡ್ ಸಡಾದ ಕೇಂದ್ರಕ್ಕೂ ಗೋವಾ ಮತ್ತು ಕರ್ನಾಟಕದ ಕರಾವಳಿ ಸಂಸದರಿಗೂ ಕಳಿಸುತ್ತಿದ್ದೇನೆ. ತಮ್ಮ ಕಚೇರಿಗೆ ಬಿಡುವಿಲ್ಲದಿದ್ದರೆ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟರೂ ಸಾಕು, ಮಿಕ್ಕವನ್ನು ಮಾಹಿತಿ ಹಕ್ಕಿನಡಿ ಕೇಳಿಕೊಳ್ಳುತ್ತೇನೆ: ಆ 38 ಕೋಟಿ ಟನ್, ಒದ್ದೆಯೋ ಒಣವೋ?

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅದಿರು ಕೆಮಿಸ್ಟ್,
ವಾಸ್ಕೋ, ಗೋವಾ